ಸಿಐವಿಎಸ್ ಮತದಾನ ಸೇವೆ: ಎಣಿಕೆ ಪಕ್ಕಾ, ಟಪಾಲಿನದ್ದೇ ತಾಪತ್ರಯ

ಒಂಬತ್ತು ಜನ, ಮೂರು ತಿಂಡಿ, ಮತ ಹಾಕಿ ಒಂದನ್ನು ಆರಿಸಬೇಕು. ನಾಲ್ವರಿಗೆ ಮೊದಲು ಅಕ್ಕಿರೊಟ್ಟಿ, ಆಮೇಲೆ ಕಡುಬು, ಕೊನೆಗೆ ಇಡ್ಲಿ. ಮೂವರ ಸಾಲು ಇಡ್ಲಿ, ಕಡುಬು, ರೊಟ್ಟಿ. ಉಳಿದಿಬ್ಬರದು ಕಡುಬು, ಇಡ್ಲಿ, ರೊಟ್ಟಿ. ಮೊದಲ ಆಯ್ಕೆಯನ್ನಷ್ಟೇ ಎಣಿಸಿದರೆ 4 ಮತದ ರೊಟ್ಟಿ ಗೆದ್ದಿತು. ಎರಡೆರಡನ್ನೇ ಎದುರುಬದುರು ನಿಲ್ಲಿಸಿ ಎಣಿಸಿದರೆ ಕಡುಬು ರೊಟ್ಟಿಯನ್ನು 5–4ರಲ್ಲಿ, ಇಡ್ಲಿಯನ್ನು 6–3ರಲ್ಲಿ ಸೋಲಿಸುತ್ತದೆ. ಮೊದಲ ಆಯ್ಕೆಯಲ್ಲಿ ಎರಡೇ ಮತ ಸಿಕ್ಕ ಕಡುಬೇ ಇಲ್ಲಿ ಗೆದ್ದದ್ದು.

ಹೀಗೆ ಎರಡೆರಡನ್ನೇ ಹೋಲಿಸಿ ಎಣಿಸುವುದೇ ಕಾಂಡೋರ್ಸೆ ಪದ್ಧತಿ. ಕಾರ್ನೆಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಮೈಯರ್ಸ್ 2003ರಲ್ಲಿ ಶುರು ಮಾಡಿದ ಸಿಐವಿಎಸ್ (ಕಾಂಡೋರ್ಸೆ ಇಂಟರ್ನೆಟ್ ವೋಟಿಂಗ್ ಸರ್ವಿಸ್) ಎಂಬ ಜಾಲತಾಣ ಇದೇ ಲೆಕ್ಕವನ್ನು ಪುಕ್ಕಟೆ ಮಾಡಿಕೊಡುತ್ತದೆ. ಓಪನ್‌ಸ್ಟ್ಯಾಕ್ ಎಂಬ ಮುಕ್ತ ತಂತ್ರಾಂಶ ಯೋಜನೆಯ ತಾಂತ್ರಿಕ ಸಮಿತಿಯ ಚುನಾವಣೆಗಳು ಇದರಲ್ಲೇ ನಡೆದಿವೆ. ಹಾಸನದ ಕಾಲೇಜಿನ ಲಿನಕ್ಸ್ ಕ್ಲಬ್ಬಾಗಲಿ, ಚಿಕ್ಕಮಗಳೂರಿನ ಮನೆಯಿಂದಲೇ ಕೋಡ್ ಕಳಿಸುವವರಿರುವ ಯೋಜನೆಯಾಗಲಿ, ನಾಯಕತ್ವ ಮಂಡಳಿ ಆರಿಸಲು ಧಾರಾಳ ಸಾಕು. ಪುಟ ನೋಡಲು ಹಳೇ ಕಾಲದ್ದು, ಅದು ಬಿಡಿ.

ಸ್ಪರ್ಧಿಸುವವರು ಮೇಲಿನ ಕಡುಬನ್ನು ಮರೆಯಬಾರದು. 'ನನಗೊಬ್ಬನಿಗೇ ಹಾಕಿ' ಎಂಬ ಪ್ರಚಾರ ಇಲ್ಲಿ ದಂಡ. ಎದುರಾಳಿಯ ಬೆಂಬಲಿಗರ ಹತ್ತಿರ ಹೋಗಿ ಎರಡನೇ ಸ್ಥಾನ ಕೇಳಿ. ಮತಪತ್ರ ತೆರೆದಾಗ ಎಲ್ಲ ಹೆಸರೂ ಕೊನೆಯ ಸ್ಥಾನದಲ್ಲೇ ಕೂತಿರುತ್ತವೆ. ಒಂದೇ ಹೆಸರನ್ನು ಮೇಲಕ್ಕೇರಿಸಿ ಎದ್ದು ಹೋದವನು ಉಳಿದವರನ್ನೆಲ್ಲ ಸಮ ಎಂದು ಹೇಳಿದಂತೆಯೇ.

ನಡೆಸುವವರಿಗೆ ದೊಡ್ಡ ತಲೆನೋವು ಮಿಂಚಂಚೆ. ಮತದಾರ ಮೊದಲು ಸಿಐವಿಎಸ್ ತಾಣಕ್ಕೆ ಹೋಗಿ ತನ್ನ ವಿಳಾಸಕ್ಕೆ ಟಪಾಲು ಬರಲಿ ಎಂದು ಒಪ್ಪಿಗೆ ಕೊಟ್ಟಿರಬೇಕು. ಕೊಡದಿದ್ದರೆ ಮತದ ಕೊಂಡಿಯೇ ಬರುವುದಿಲ್ಲ, ಬೈಗುಳ ಮಾತ್ರ ಚುನಾವಣಾಧಿಕಾರಿಗೆ. ಎರಡು ವಾರ ಮೊದಲೇ ಎಲ್ಲರಿಗೂ ಈ ಒಪ್ಪಿಗೆಯ ಕೆಲಸ ಹಚ್ಚಿ. ಮೂರು ವಿಳಾಸ ಹಾಕಿ ಸುಳ್ಳು ಚುನಾವಣೆಯೊಂದನ್ನು ನಡೆಸಿ ನೋಡಿ. ಕಚೇರಿಯ ವಿಳಾಸಗಳಲ್ಲಿ ಕೊಂಡಿ ಸ್ಪ್ಯಾಮಿಗೆ ಬೀಳುತ್ತದೋ ಇಲ್ಲವೋ ಆಗಲೇ ತಿಳಿಯುತ್ತದೆ.

ಇನ್ನೊಂದು ಎಡವಟ್ಟು. ಮುಗಿಯುವ ದಿನ, ಹೊತ್ತು ತುಂಬುವ ಖಾನೆ ಇದೆಯಲ್ಲ, ಅದು ಬರೀ ಪ್ರಕಟಣೆ. ಮತದಾನ ತಾನಾಗಿ ನಿಲ್ಲುವುದಿಲ್ಲ, ಚುನಾವಣೆ ನಡೆಸುವ ಉಸ್ತುವಾರಿಯೇ ಕೈಯಾರೆ ನಿಲ್ಲಿಸಬೇಕು. ಯುಟಿಸಿ (ಜಾಗತಿಕ ಪ್ರಮಾಣ ಸಮಯ) ರಾತ್ರಿ 11:59 ಎಂದು ಬರೆದರೆ ನಮ್ಮಲ್ಲಿ ಮರುದಿನ ಬೆಳಗಿನ 5:29. ಆಷಾಢದ ಮಳೆಗೆ ಮೂಡಿಗೆರೆ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಹೊತ್ತು ಅದು. ಹಾಗಾಗಿ ಮತದಾನ ನಿಲ್ಲಿಸಲೆಂದು ಉಸ್ತುವಾರಿಯ ಅಂಚೆಗೆ ಬರುವ ನಿಯಂತ್ರಣ ಕೊಂಡಿಯನ್ನು ಬೇರೆ ಊರಿನ ನಂಬಿಗಸ್ತರೊಬ್ಬರಿಗೂ ಕೊಟ್ಟಿರಿ. ಅವರು ಸ್ಪರ್ಧಿಯಾಗಿರಬಾರದು, ಅಷ್ಟೆ.

ಸೀಟು ಐದೋ ಏಳೋ ಇದ್ದರೆ ಇನ್ನೂ ಒಂದು ಯೋಚನೆ ಬೇಕು. ಮಾಮೂಲಿ ಎಣಿಕೆಯಲ್ಲಿ ಮೇಲಿನವರನ್ನು ಸಾಲಾಗಿ ತೆಗೆದುಕೊಂಡರೆ, ಒಗ್ಗಟ್ಟಿನ ಬಹುಮತದ ಗುಂಪು ಎಲ್ಲ ಸೀಟನ್ನೂ ಬಾಚಿಕೊಳ್ಳಬಹುದು. ಸಿಐವಿಎಸ್‌ನಲ್ಲಿ ಅನುಪಾತ ಪ್ರಾತಿನಿಧ್ಯದ, ಅಂದರೆ ಗುಂಪಿನ ಬಲಕ್ಕೆ ತಕ್ಕಷ್ಟು ಸೀಟು ಕೊಡುವ ಆಯ್ಕೆಯಿದೆ, ಅದನ್ನು ಶುರುವಿನಲ್ಲೇ ಗುರುತು ಹಾಕಬೇಕು. ಕುಬರ್ನೆಟೀಸ್ ಎಂಬ ಮುಕ್ತ ತಂತ್ರಾಂಶ ಯೋಜನೆಯವರ ಉಪಾಯ ಬೇರೆ: ಏಳು ಜನರ ಸ್ಟೀರಿಂಗ್ ಸಮಿತಿಯಲ್ಲಿ ಒಂದೇ ಕಂಪನಿಯವರು ಇಬ್ಬರಿಗಿಂತ ಹೆಚ್ಚಿರುವಂತಿಲ್ಲ.

ಕುಬರ್ನೆಟೀಸ್‌ನವರು ಸಿಐವಿಎಸ್ ಬಿಟ್ಟು ಎಲೆಕ್ಟೋ ಎಂಬ ಇನ್ನೊಂದು ಮತದಾನ ತಂತ್ರಾಂಶಕ್ಕೆ ಹೋದರು. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಖಾತೆಯಿಂದಲೇ ಒಳಹೊಗುವುದರಿಂದ ಅಲ್ಲಿ ಟಪಾಲಿನ ಗೋಳಿಲ್ಲ. ಆದರೆ ಅದನ್ನು ಸರ್ವರಿನಲ್ಲಿ ನೀವೇ ಕೂರಿಸಬೇಕು, ಮತದಾರರ ಪಟ್ಟಿಯನ್ನು ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ) ಕಡತವಾಗಿ ಇಡಬೇಕು. ನೂರು ಜನರೊಳಗಿನ ಸಂಘಕ್ಕೆ ಅಷ್ಟು ರಗಳೆ ಬೇಡ.

ತೀರಾ ಚಿಕ್ಕ ಗುಂಪಾದರೆ ಫಲಿತಾಂಶದ ಜೊತೆ ಮತಪತ್ರಗಳನ್ನು ತೋರಿಸುವ ಮುನ್ನ ಯೋಚಿಸಿ. ಹೆಸರಿಲ್ಲದಿದ್ದರೂ ಹತ್ತು ಜನರಲ್ಲಿ ಯಾರ ಸಾಲು ಯಾವುದೆಂದು ಊಹಿಸಲು ಕಾಫಿ ಕುಡಿಯುವಷ್ಟು ಹೊತ್ತೂ ಬೇಡ.