ಡಿಲೀಟ್ ಆದ ಮೆಸೇಜ್ ತಂದುಕೊಡ್ತೇನೆ ಅಂದವನ ಕೈಗೆ ಟ್ಯಾಬ್ ಕೊಟ್ಟು ಕೆಟ್ಟೆ

ಪೂರ್ತಿ ಓದಲು ಪುರುಸೊತ್ತು ಇಲ್ಲದವರು ಇಷ್ಟು ಓದಿ ಹೋಗಿ. ಟ್ಯಾಬಿನಲ್ಲಿ ಅಳಿಸಿಹೋದ ಎಸ್ಎಂಎಸ್ ವಾಪಸ್ ತರ್ತೇನೆ, ನೂರಕ್ಕೆ ನೂರು ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಟ್ಯಾಬ್ ಅಂತೂ ಕೊಡಲೇಬೇಡಿ. ನಾನು ಎರಡನ್ನೂ ಕೊಟ್ಟೆ. 2,500 ರೂಪಾಯಿ ಹೋಯಿತು, ಮೆಸೇಜ್ ಬರಲಿಲ್ಲ, ಟ್ಯಾಬಿನಲ್ಲಿ ಸರಿಯಾಗಿ ಇದ್ದದ್ದೂ ಹೋಯಿತು.

ಬರೆಯಲಿಕ್ಕೆ ನಾಚಿಕೆ ಆಗ್ತದೆ. ಬದಿಯಡ್ಕದ ಕಡೆಯ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ 31 ವರ್ಷ ಲೆಕ್ಕ ಕಲಿಸಿದವನು ನಾನು. ಎಷ್ಟೋ ಮಕ್ಕಳಿಗೆ "ಉತ್ತರ ಬರೆಯುವ ಮೊದಲು ಒಮ್ಮೆ ತಾಳೆ ನೋಡು" ಅಂತ ಕಿವಿ ಹಿಂಡಿದ್ದೇನೆ. ಈಗ ಅವರಲ್ಲಿ ಕೆಲವರು ಇದನ್ನು ಓದಿ ನಗ್ತಾರೆ ಅಂತಲೂ ಗೊತ್ತು.

ಆದದ್ದು ಹೀಗೆ. ಕಣ್ಣು ಸ್ವಲ್ಪ ಮಂಜು, ಫೋನಿನ ಸಣ್ಣ ಅಕ್ಷರ ಕಾಣುವುದಿಲ್ಲ ಅಂತ ಮಗ 2022ರಲ್ಲಿ ಸಿಮ್ ಹಾಕುವ ಟ್ಯಾಬ್ ತಂದುಕೊಟ್ಟಿದ್ದ. ಬ್ಯಾಂಕಿನ ನಂಬರೂ ಅದರಲ್ಲೇ. ದಿನಾ "ನಿಮಗೆ 5 ಲಕ್ಷ ಸಾಲ ಮಂಜೂರಾಗಿದೆ" ಅನ್ನುವ ಜಾಹೀರಾತು ಮೆಸೇಜುಗಳ ಕಾಟ. ಒಂದು ಭಾನುವಾರ ರಾತ್ರಿ ಊಟ ಆದ ಮೇಲೆ ಸಿಟ್ಟು ಬಂದು ಅದನ್ನೆಲ್ಲ ತೆಗೆಯಲು ಕೂತೆ. ಒಂದನ್ನು ಒತ್ತಿ ಹಿಡಿದೆ, ಮೇಲೆ ಎಲ್ಲವನ್ನೂ ಆರಿಸು ಅಂತ ಬಂತು, ಒತ್ತಿದೆ. ಡಿಲೀಟ್ ಮಾಡಲೇ ಅಂತ ಕೇಳಿತು, ಹೌದು ಅಂದೆ. ಪರದೆ ಖಾಲಿ. ನನಗೋ ಮನೆ ಗುಡಿಸಿದ ಖುಷಿ! ಹೋಗಿ ಮಲಗಿದೆ.

ಬುಧವಾರ ಗೊತ್ತಾಯಿತು ಏನು ಗುಡಿಸಿದ್ದು ಅಂತ. ಅಡಿಕೆ ವ್ಯಾಪಾರಿಯ ಹತ್ತಿರ ಲೆಕ್ಕ ಮಾಡ್ಲಿಕ್ಕೆ ಹೋಗಿದ್ದೆ. 2 ಕ್ವಿಂಟಲ್ 60 ಕಿಲೋ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕೊಟ್ಟದ್ದು, ಕಿಲೋಗೆ 470 ಅಂತ ಅವರೇ ಮೆಸೇಜ್ ಹಾಕಿದ್ದರು. ಈಗ 455 ಅಂತಾರೆ. "ಮೆಸೇಜ್ ಇದ್ದರೆ ತೋರಿಸಿ ಮಾಷ್ಟ್ರೇ, ಕೊಡುವ" ಅಂದರು. ತೋರಿಸಲು ಟ್ಯಾಬ್ ತೆರೆದರೆ ಎಲ್ಲಿಂದ ತೋರಿಸುವುದು?

15 ರೂಪಾಯಿ ಅಂತರ, 260 ಕಿಲೋ. 3,900 ರೂಪಾಯಿ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ.

ಮರುದಿನ ಬೆಳಿಗ್ಗೆ ಬಸ್ ಹತ್ತಿ ಎಡನೀರು, ಚೆರ್ಕಳ ದಾಟಿ ಕಾಸರಗೋಡು. ಹೊಸ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಒಂದು ಮೊಬೈಲ್ ಅಂಗಡಿ, ಹೆಸರು ಹಾಕುವುದಿಲ್ಲ. ಹೊರಗೆ ಬೋರ್ಡು, ಮಲಯಾಳ, ಕನ್ನಡ ಎರಡರಲ್ಲೂ: ಅಳಿಸಿದ ಫೋಟೋ, ಮೆಸೇಜ್ ಮರಳಿ ಪಡೆಯಿರಿ. ಕನ್ನಡದಲ್ಲೂ ಬರೆಸಿದ್ದಾನಲ್ಲ ಅಂತ ನನಗೆ ಅಲ್ಲೇ ಅರ್ಧ ಮನಸ್ಸು ಕರಗಿತು. ನಮ್ಮ ಕಡೆಯವರ ದೌರ್ಬಲ್ಯ ಅದು, ಏನು ಮಾಡುವುದು.

ಹುಡುಗ ಚುರುಕು. ನಾನು ವಿಷಯ ಹೇಳಿ ಮುಗಿಸುವ ಮೊದಲೇ "ಪೇಡಿಕ್ಕಂಡ ಮಾಷೇ, ಎಲ್ಲಾಂ ಕಿಟ್ಟುಂ" ಅಂದ. ಹೆದರಬೇಡಿ, ಎಲ್ಲ ಸಿಗ್ತದೆ ಅಂತ. ಆಮೇಲೆ ಕನ್ನಡಕ್ಕೆ ತಿರುಗಿದ. ಟ್ಯಾಬಿಗೆ ಒಂದು ವೈರ್ ಸಿಕ್ಕಿಸಿ ಲ್ಯಾಪ್‌ಟಾಪಿನಲ್ಲಿ ಏನೋ ಓಡಿಸಿದ. ಹಸಿರು ಗೆರೆ ಮೆಲ್ಲ ಮೆಲ್ಲ ಹೋಗಿ ಕೊನೆ ಮುಟ್ಟಿತು. "ನೋಡಿ, 1,148 ಮೆಸೇಜ್ ಸಿಕ್ಕಿತು!" ನಾನು ಕನ್ನಡಕ ಸರಿಮಾಡಿ ಬಗ್ಗಿ ನೋಡಿದೆ. ಸಾಲು ಸಾಲು ಉಂಟು, ಆದರೆ ಎಲ್ಲ ಮಸುಕು. ನೀರಿಗೆ ಬಿದ್ದ ಕಾಗದದ ಹಾಗೆ. ಒಂದನ್ನು ತೆರೆದು ತೋರಿಸು ಅಂದೆ.

"ಫುಲ್ ವರ್ಷನ್ ಹಾಕದೆ ತೆರೆಯುವುದಿಲ್ಲ ಮಾಷ್ಟ್ರೇ. ಒಟ್ಟು 3,500 ಆಗ್ತದೆ, ಈಗ 1,500 ಕೊಡಿ."

ಇಲ್ಲಿ ನಾನು ಎದ್ದು ಬರಬೇಕಿತ್ತು. ಬಾಯಿ ಕಟ್ಟಿದ ಮೂಟೆಯನ್ನು ನೋಡಿ ಅಡಿಕೆಗೆ ರೇಟ್ ಕಟ್ಟುವವರು ಯಾರಾದರೂ ಇದ್ದಾರಾ? ಬಿಚ್ಚಿ, ಕೈ ಹಾಕಿ, ನಾಲ್ಕು ಕತ್ತರಿಸಿ ನೋಡ್ತಾರೆ. ನಾನು ಮೂಟೆ ಮುಟ್ಟಲೂ ಇಲ್ಲ. 1,148 ಅನ್ನುವ ಸಂಖ್ಯೆ ನೋಡಿ ಮರುಳಾದೆ. ಲೆಕ್ಕದ ಮಾಷ್ಟ್ರು ನೋಡಿ, ಸಂಖ್ಯೆ ಕಂಡರೆ ನಂಬಿಕೆ. ಅಲ್ಲಿಯೇ ಜಿಪೇ ಮಾಡಿದೆ. 3,900ರ ತಕರಾರಿಗೆ 3,500 ಖರ್ಚು ಅಂತ ಆ ಹೊತ್ತಿಗೆ ತಲೆಗೆ ಹೊಳೆಯಲೇ ಇಲ್ಲ. ಹೊಳೆದದ್ದು ವಾಪಸ್ ಬರುವ ಬಸ್ಸಿನಲ್ಲಿ.

ಅವನು ಪಿನ್ ಕೇಳಿದ, ಹೇಳಿದೆ. ಒಂದು ತುಂಡು ಬಿಳಿ ಟೇಪಿನ ಮೇಲೆ ಮಾರ್ಕರಿನಲ್ಲಿ ನಾಲ್ಕೂ ಅಂಕೆ ದಪ್ಪಕ್ಕೆ ಬರೆದು ಟ್ಯಾಬಿನ ಬೆನ್ನಿಗೆ ಅಂಟಿಸಿದ. ಅದರ ಕೆಳಗೆ "ಮಾಷ್" ಅಂತ. ಸಿಮ್ ತೆಗೆಯಿರಿ ಅಂತ ಅವನೂ ಹೇಳಲಿಲ್ಲ, ನನಗೂ ನೆನಪಾಗಲಿಲ್ಲ. ಅಂದರೆ ಬ್ಯಾಂಕಿನ ಒಟಿಪಿ ಬರುವ ಸಿಮ್, ಬೆನ್ನ ಮೇಲೆ ಪಿನ್ ಬರೆದ ಟ್ಯಾಬ್, ನಾಲ್ಕು ರಾತ್ರಿ ಪರರ ಅಂಗಡಿಯಲ್ಲಿ. ಮಗನಿಗೆ ಆಮೇಲೆ ಹೇಳಿದಾಗ ಬೆಂಗಳೂರಿನಿಂದ ಅವನು ಕಿರುಚಿದ್ದು ಫೋನ್ ಇಲ್ಲದಿದ್ದರೂ ಕೇಳುತ್ತಿತ್ತೇನೋ. ಖಾತೆಯಿಂದ ಏನೂ ಹೋಗಲಿಲ್ಲ, ಅದು ನನ್ನ ಪುಣ್ಯ, ಜಾಣತನ ಅಲ್ಲ.

ಶುಕ್ರವಾರ ಫೋನ್ ಮಾಡಿದೆ. "ಪ್ರೊಸೆಸ್ ನಡೀತಾ ಉಂಟು." ಶನಿವಾರ ಮಾಡಿದೆ. "90 ಪರ್ಸೆಂಟ್ ಆಯ್ತು." ಭಾನುವಾರ ಎತ್ತಲಿಲ್ಲ. ಸೋಮವಾರ "ಬನ್ನಿ ಮಾಷ್ಟ್ರೇ, ರೆಡಿ" ಅಂದ. ಆ ಮಾತು ಕೇಳಿ ನಾನು ಮನೆಯವಳ ಹತ್ತಿರ "ನೋಡಿದೆಯಾ, ನಂಬಬೇಕು ಜನರನ್ನು" ಅಂತ ಬೇರೆ ಹೇಳಿದೆ. ಅವಳು ಅದನ್ನು ಈಗಲೂ ದಿನಕ್ಕೊಮ್ಮೆ ನೆನಪಿಸ್ತಾಳೆ.

ಅಂಗಡಿಯಲ್ಲಿ ಪಟ್ಟಿ ತೆರೆದು ಟ್ಯಾಬ್ ನನ್ನ ಕೈಗೆ ಕೊಟ್ಟ. ಈಗ ಮಸುಕು ಇಲ್ಲ, ಎಲ್ಲ ಸ್ಪಷ್ಟ. ಓದಿದೆ. ಕೆಎಸ್‌ಇಬಿಯ ಕರೆಂಟ್ ಬಿಲ್. ಗ್ಯಾಸ್ ಬುಕಿಂಗ್. ಸಾಲದ ಜಾಹೀರಾತು. ಮತ್ತೊಂದು ಸಾಲದ ಜಾಹೀರಾತು. ಏಳನೆಯದ್ದು ಬ್ಯಾಂಕಿನದ್ದು: ನಿಮ್ಮ ಖಾತೆಯಿಂದ 1,500 ರೂಪಾಯಿ ಕಡಿತವಾಗಿದೆ.

1,500? ಯಾವ 1,500? ತಾರೀಕು ನೋಡಿದೆ. ಗುರುವಾರ. ಅಂದರೆ ಈ ಅಂಗಡಿಗೆ ನಾನು ಕೊಟ್ಟ ಅಡ್ವಾನ್ಸಿನದ್ದೇ ಮೆಸೇಜ್! ಭಾನುವಾರ ಅಳಿಸಿದ ಮೆಸೇಜುಗಳ ನಡುವೆ ಗುರುವಾರದ ಮೆಸೇಜ್ ಎಲ್ಲಿಂದ ಬಂತು ಮಾರಾಯ್ರೇ? ಕೂತು ಎಣಿಸಿದೆ. ಒಟ್ಟು 23. ಇಪ್ಪತ್ತಮೂರೂ ಭಾನುವಾರದ ನಂತರ ಬಂದವು. ಯಾರೂ ಅಳಿಸಿಯೇ ಇಲ್ಲದ, ಇನ್‌ಬಾಕ್ಸಿನಲ್ಲಿ ಇದ್ದಲ್ಲೇ ಇದ್ದ ಮೆಸೇಜುಗಳನ್ನು ಒಂದು ಪಟ್ಟಿ ಮಾಡಿ "ರಿಕವರಿ" ಅಂತ ಕೊಟ್ಟಿದ್ದಾನೆ. ನನ್ನ ಜೇಬಿನಲ್ಲಿದ್ದ ಪೆನ್ನನ್ನು ತೆಗೆದು "ಕಳೆದುಹೋದ ಪೆನ್ನು ಸಿಕ್ಕಿತು" ಅಂತ ನನಗೇ ಮಾರಿದ ಹಾಗೆ. ಕಿವಿ ಬಿಸಿಯಾಯಿತು. ಕೈ ನಡುಗ್ತಾ ಇತ್ತು, ಸಿಟ್ಟಿಗೋ ನಾಚಿಕೆಗೋ ಗೊತ್ತಿಲ್ಲ. ಪಕ್ಕದಲ್ಲಿ ಚಾರ್ಜರ್ ಕೊಳ್ಳಲು ಬಂದಿದ್ದ ಹೆಂಗಸು ಬೇರೆ ನನ್ನ ಮುಖವನ್ನೇ ನೋಡ್ತಾ ಇದ್ದರು.

1,148 ಎಲ್ಲಿ ಅಂತ ಕೇಳಿದೆ.

"ಅದು ಸ್ಕ್ಯಾನ್ ಕೌಂಟ್ ಮಾಷ್ಟ್ರೇ. ರಿಕವರಿ ಕೌಂಟ್ ಬೇರೆ."

ಇದು ನಾನು ಅಳಿಸಿದ ಮೇಲೆ ಬಂದದ್ದಲ್ವಾ ಅಂದೆ.

"ಸಾಫ್ಟ್‌ವೇರಿಗೆ ಹಳೇದು ಹೊಸದು ಅಂತ ಇಲ್ಲ. ಸಿಕ್ಕಿದ್ದನ್ನು ಕೊಡ್ತದೆ."

ದುಡ್ಡು ವಾಪಸ್ ಕೊಡು ಅಂದೆ.

"ನಾಲ್ಕು ದಿನ ಕೆಲಸ ಮಾಡಿದ್ದೇನೆ. ಸರ್ವಿಸ್ ಚಾರ್ಜ್ ಅದು, ವಾಪಸ್ ಇಲ್ಲ. ಬೋರ್ಡಿನಲ್ಲಿ ಬರೆದುಂಟು ನೋಡಿ." ನೋಡಿದೆ. ಬ್ಯಾಕ್ ಕವರುಗಳು ನೇತಾಡುವ ಕಂಬಿಯ ಹಿಂದೆ, ಅಂಗೈ ಅಗಲದ ಒಂದು ಕಾಗದ. ಓದಬೇಕಾದರೆ ಕವರುಗಳನ್ನು ಕೈಯಲ್ಲಿ ಸರಿಸಬೇಕು.

ಇಲ್ಲಿಗೆ ಮುಗಿದಿದ್ದರೆ 1,500ರಲ್ಲಿ ಪಾರಾಗುತ್ತಿದ್ದೆ. ಮುಗಿಯಲಿಲ್ಲ. ಒಮ್ಮೆ ಹಳ್ಳಕ್ಕೆ ಬಿದ್ದವನಿಗೆ ಇನ್ನೊಂದು ಹೆಜ್ಜೆ ಇಟ್ಟರೆ ದಡ ಸಿಗ್ತದೆ ಅಂತ ಆಸೆ. ಅವನು ಸ್ವರ ಮೆತ್ತಗೆ ಮಾಡಿ, "ಡೀಪ್ ಸ್ಕ್ಯಾನ್ ಅಂತ ಉಂಟು ಮಾಷ್ಟ್ರೇ. ಟ್ಯಾಬನ್ನು ರೂಟ್ ಮಾಡಿದರೆ, ಅಂದರೆ ಕಂಪೆನಿ ಹಾಕಿದ ಬೀಗ ತೆಗೆದು ಒಳಗಿನ ಎಲ್ಲ ಫೈಲಿಗೂ ಕೈ ಹಾಕಿದರೆ, ಹಳೇದು ಖಂಡಿತ ಬರ್ತದೆ. ಇನ್ನು 1,000 ಕೊಡಿ, ಬಾಕಿ ಮೆಸೇಜ್ ಬಂದರೆ ಮಾತ್ರ" ಅಂದ. ನಾನು ಕೊಟ್ಟೆ. ಹೌದು, ಕೊಟ್ಟೆ. ಬೈಯುವವರು ಬೈಯಿರಿ, ಮನೆಯಲ್ಲಿ ಆಗಿದೆ.

ಒಳಗೆ ತಕ್ಕೊಂಡು ಹೋದ. ಒಂದು ಗಂಟೆ ಸ್ಟೂಲಿನ ಮೇಲೆ ಕೂತಿದ್ದೆ. ಹೊರಗೆ ತಂದಾಗ ಪರದೆಯಲ್ಲಿ ಸ್ವಾಗತ, ಭಾಷೆ ಆರಿಸಿ ಅಂತ ಬರ್ತಾ ಇತ್ತು. ಮಗ ಹೊಸ ಟ್ಯಾಬ್ ತಂದ ದಿನ ಕಂಡಿದ್ದ ಅದೇ ಪರದೆ. ನನಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಎಲ್ಲ ಖಾಲಿ. ಮೊಮ್ಮಗಳ ಫೋಟೋ, ತೋಟದ ಫೋಟೋ, ನಾನೇ ಕೂತು ರೆಕಾರ್ಡ್ ಮಾಡಿದ ತಾಳಮದ್ದಳೆಗಳು. ಮೆಮೊರಿ ಕಾರ್ಡಿನಲ್ಲಿ ಇದ್ದವು ಉಳಿದವು, ಟ್ಯಾಬಿನೊಳಗೆ ಇದ್ದವು ಹೋದವು. ಒಂದು ರೆಕಾರ್ಡಿನಲ್ಲಿ ಅರ್ಥ ಹೇಳಿದವರು ಈಗ ಇಲ್ಲ. ಇನ್ನೊಮ್ಮೆ ಎಲ್ಲಿಂದ ರೆಕಾರ್ಡ್ ಮಾಡುವುದು?

ಅವನ ಉತ್ತರ ಕೇಳಿ: "ನೀವು ಮೆಸೇಜ್ ಅಂತ ಮಾತ್ರ ಹೇಳಿದ್ದಲ್ವಾ ಮಾಷ್ಟ್ರೇ? ಫೋಟೋ, ಆಡಿಯೋದ ವಿಷಯ ಹೇಳ್ಲೇ ಇಲ್ಲ."

ಹಲ್ಲು ನೋವು ಅಂತ ಹೋದವನ ಮೂಗು ಕೊಯ್ದು, ಮೂಗಿನ ವಿಷಯ ನೀವು ಹೇಳಲಿಲ್ಲ ಅಂದ ಹಾಗೆ.

ಆಮೇಲೆ ನನ್ನ ಒಬ್ಬ ಹಳೇ ಶಿಷ್ಯ, ಸಾಫ್ಟ್‌ವೇರ್ ಕೆಲಸದವನು, ಫೋನಿನಲ್ಲಿ ಕೂತು ವಿವರಿಸಿದ. ಆಂಡ್ರಾಯ್ಡಿನಲ್ಲಿ ಎಸ್ಎಂಎಸ್ ಎಲ್ಲ ಒಂದು ಡೇಟಾಬೇಸ್ ಫೈಲಿನಲ್ಲಿ ಇರ್ತವಂತೆ, ಅಂಗಡಿಯ ಜಮಾಖರ್ಚು ಪುಸ್ತಕದ ಹಾಗೆ. ಅಳಿಸಿದ ಸಾಲು ಆ ಕ್ಷಣಕ್ಕೇ ಮಾಯವಾಗದೆ ಇರಬಹುದು, ಆದರೆ ಆ ಜಾಗ ಖಾಲಿ ಅಂತ ಗುರುತಾಗ್ತದೆ, ಹೊಸ ಮೆಸೇಜ್ ಬಂದರೆ ಅದರ ಮೇಲೇ ಬರೆದುಕೊಳ್ತದೆ. ನಾನೋ ಸಿಮ್ ಹಾಕಿಯೇ ಇಟ್ಟು ಸಾಲದ ಜಾಹೀರಾತುಗಳಿಗೆ ಜಾಗ ಮಾಡಿಕೊಟ್ಟಿದ್ದೆ. ಇನ್ನು ಆ ಅಳಿಸಿದ ಸಾಲುಗಳನ್ನು ಹೊರಗಿನ ಸಾಫ್ಟ್‌ವೇರ್ ಓದಬೇಕಾದರೆ ರೂಟ್ ಬೇಕು. ರೂಟ್ ಮಾಡಲು ಸಾಮಾನ್ಯವಾಗಿ ಮೊದಲು ಬೂಟ್‌ಲೋಡರ್ (ಟ್ಯಾಬ್ ಆನ್ ಆಗುವಾಗ ಮೊದಲು ಓಡುವ ಪ್ರೋಗ್ರಾಂ) ಅನ್‌ಲಾಕ್ ಮಾಡಬೇಕು. ಅದನ್ನು ಮಾಡಿದ ಕೂಡಲೇ ಟ್ಯಾಬ್ ತನ್ನೊಳಗಿನ ಎಲ್ಲವನ್ನೂ ತಾನೇ ಅಳಿಸಿಹಾಕ್ತದೆ, ಕದ್ದವನ ಕೈಗೆ ಸಿಗಬಾರದು ಅಂತ ಕಂಪೆನಿಯವರೇ ಹಾಗೆ ಮಾಡಿಟ್ಟದ್ದು. ಹಾಗೆ ಅಳಿಸ್ತೇನೆ ಅಂತ ಪರದೆಯ ಮೇಲೆ ಎಚ್ಚರಿಕೆ ಕೂಡ ಬರ್ತದಂತೆ. ಒಳಗೆ ಕೂತು ಆ ಹುಡುಗ ಅದನ್ನು ಓದಿದನೋ ಇಲ್ಲವೋ, ಒತ್ತಿದ್ದಂತೂ ಹೌದು. ಆಂಡ್ರಾಯ್ಡ್ 10 ಹಾಕಿಕೊಂಡೇ ಹೊರಬಂದ ಮಾಡೆಲುಗಳಿಂದ ಈಚೆಗೆ ಒಳಗಿನ ಡೇಟಾ ಎನ್‌ಕ್ರಿಪ್ಟ್ ಆಗಿರುವುದು, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಹಾಕಿರುವುದು, ಕಡ್ಡಾಯ. ನನ್ನದು ಅದಕ್ಕಿಂತ ಹೊಸದು. ಒಮ್ಮೆ ಅಳಿಸಿದರೆ ಬೀಗದ ಕೀಯೂ ಅದರ ಜೊತೆಗೇ ಹೋದ ಲೆಕ್ಕ, ಉಳಿದ ಚೂರು ಸಿಕ್ಕಿದರೂ ಓದಲಾಗುವುದಿಲ್ಲ.

"ಡೀಪ್ ಸ್ಕ್ಯಾನ್ ಮಾಡಲು ಹೊರಟದ್ದೇ ಅದನ್ನು ಕೊಂದಿತು ಸರ್" ಅಂದ ಶಿಷ್ಯ. ಎಷ್ಟು ಮರ್ಯಾದೆಯಿಂದ ಹೇಳಿದ ಅಂದರೆ ನನಗೆ ಇನ್ನೂ ಜಾಸ್ತಿ ನಾಚಿಕೆ ಆಯಿತು.

ಗೂಗಲ್ ಬ್ಯಾಕಪ್ ಆನ್ ಇತ್ತಾ ಅಂತ ಕೇಳಿದ. ಆನ್ ಇದ್ದರೆ ಎಸ್ಎಂಎಸ್ ಕೂಡ ಅದರಲ್ಲಿ ಹೋಗಿರ್ತದಂತೆ, ರೀಸೆಟ್ ಆದ ಮೇಲೆ ಸೆಟಪ್ ಮಾಡುವಾಗ ವಾಪಸ್ ಬರುವ ಸಾಧ್ಯತೆ ಇತ್ತು. ನಾನು ಆನ್ ಮಾಡಿರಲಿಲ್ಲ. ಮಗ ಹೇಳಿದ್ದ, ನಾಳೆ ಮಾಡುವ ಅಂದಿದ್ದೆ.

ನಿಮಗೆ ಹೀಗಾದರೆ ಮೊದಲು ಸಿಮ್ ತೆಗೆದು ಏರೋಪ್ಲೇನ್ ಮೋಡ್‌ಗೆ ಹಾಕಿ, ಸುಮ್ನೆ ಒತ್ತುತ್ತಾ ಕೂರಬೇಡಿ. ಮೆಸೇಜ್ ಆಪಿನೊಳಗೆ ಕಸದ ಬುಟ್ಟಿ ಉಂಟಾ ನೋಡಿ. ಸ್ಯಾಮ್‌ಸಂಗಿನ ಮೆಸೇಜ್ ಆಪ್‌ನಲ್ಲಿ ಅಳಿಸಿದ್ದು 30 ದಿನ ಅಲ್ಲಿ ಇರ್ತದೆ. ಐಪ್ಯಾಡಿನಲ್ಲೂ 2022ರಿಂದ ಈಚಿನ ಅಪ್‌ಡೇಟ್ ಹಾಕಿದ್ದರೆ ಇತ್ತೀಚೆಗೆ ಅಳಿಸಿದ್ದು ಅಂತ ಒಂದು ಜಾಗ ಉಂಟು. ನನ್ನ ಟ್ಯಾಬಿನಲ್ಲಿ ಅಂಥದ್ದು ಇರಲಿಲ್ಲ, ನಿಮ್ಮದರಲ್ಲಿ ಇರಬಹುದು, ಅದಕ್ಕೆ ದುಡ್ಡು ಬೇಡ. ಅಂಗಡಿಗೆ ಹೋಗಲೇಬೇಕಾದರೆ "ಇಂಥ ದಿನ ಇಂಥವರು ಕಳಿಸಿದ ಒಂದು ಮೆಸೇಜ್ ತೋರಿಸು, ಆಮೇಲೆ ದುಡ್ಡು" ಅನ್ನಿ. ಮಸುಕು ಪಟ್ಟಿ ನಂಬಬೇಡಿ. ರೂಟ್ ಅನ್ನುವ ಶಬ್ದ ಕೇಳಿದ ಕೂಡಲೇ ಟ್ಯಾಬ್ ಕೈಗೆ ತಕ್ಕೊಂಡು ಬಸ್ ಹತ್ತಿ. ಖಾತೆಯಿಂದಲೇ ದುಡ್ಡು ಎಗರಿಸಿದರೆ 1930ಕ್ಕೆ ಫೋನ್ ಮಾಡಬೇಕು. ಇಂಥ ಅಂಗಡಿ ತಕರಾರಿಗೆ ಗ್ರಾಹಕರ ಸಹಾಯವಾಣಿ 1915 ಉಂಟು, ನಾನು ಅಲ್ಲಿಗೆ ದೂರು ಕೊಟ್ಟಿದ್ದೇನೆ. ನನ್ನ ಹತ್ತಿರ ರಶೀದಿ ಇಲ್ಲ, ಆದರೆ ಅವನೇ "ರಿಕವರಿ" ಮಾಡಿಕೊಟ್ಟ 1,500ರ ಮೆಸೇಜ್ ಸಾಕ್ಷಿ ಆಗ್ತಿತ್ತು. ಅದನ್ನೂ ಅವನೇ ಅಳಿಸಿದ. ಈಗ ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್ ತಂದಿದ್ದೇನೆ.

ಅಡಿಕೆಯ ಕತೆ? ಮನೆಯವಳು ಆ ದಿನ ತೂಕ, ರೇಟು ಎರಡನ್ನೂ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. 260, 470. ನಾನು ಟ್ಯಾಬಿನಿಂದ ಗಟ್ಟಿಯಾಗಿ ಓದಿ ಹೇಳಿದ್ದೆನಂತೆ, ನನಗೇ ನೆನಪಿಲ್ಲ. ಕ್ಯಾಲೆಂಡರ್ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ವ್ಯಾಪಾರಿಯ ಹತ್ತಿರ ಹೋದೆ. ಅವರು ನೋಡಿದರು, ನಕ್ಕರು, 465ಕ್ಕೆ ಬಂದರು. 2,600 ಜಾಸ್ತಿ ಸಿಕ್ಕಿತು. ಅಂಗಡಿಯವನಿಗೆ ಹೋದ 2,500 ಕಳೆದರೆ ಉಳಿದದ್ದು 100. ಬಸ್ ಚಾರ್ಜ್ ಬೇರೆ.

ನಿನ್ನೆ ಟ್ಯಾಬಿಗೆ ಒಂದು ಮೆಸೇಜ್ ಬಂತು. ಅದೇ ಅಂಗಡಿಯದ್ದು. ಡಿಲೀಟ್ ಆದ ಮೆಸೇಜ್ ರಿಕವರಿಗೆ ಓಣಂ ಆಫರ್ ಅಂತೆ, ಹಳೇ ಗಿರಾಕಿಗಳಿಗೆ ವಿಶೇಷ ರಿಯಾಯಿತಿ. ಸ್ಕ್ರೀನ್‌ಶಾಟ್ ತೆಗೆದು ಮಗನಿಗೂ ಶಿಷ್ಯನಿಗೂ ಕಳಿಸಿದೆ, ಮೆಸೇಜನ್ನು ಅಲ್ಲೇ ಇಟ್ಟಿದ್ದೇನೆ. ದೂರಿನ ಜೊತೆ ಹಾಕಲು ಬೇಕು.