ಬರ್ನ್‌ಔಟ್ ಪ್ಯಾರಡೈಸ್ ರೀಮಾಸ್ಟರ್ಡ್: ಗುದ್ದುವುದಕ್ಕೇ ಆಡುವ ಗೇಮ್

ಬರ್ನ್‌ಔಟ್ ಪ್ಯಾರಡೈಸ್ ಅನ್ನುವ ಕಾರ್ ರೇಸಿಂಗ್ ಗೇಮಿನ ಈ ರೀಮಾಸ್ಟರ್ಡ್ ಆವೃತ್ತಿ, ಅಂದರೆ ಹಳೇ ಗೇಮನ್ನೇ ಹೊಸ ಕನ್ಸೋಲ್‌ಗಳಿಗೆ ಚೊಕ್ಕ ಮಾಡಿ ಕೊಟ್ಟದ್ದು, ಬಂದದ್ದು 2018ರಲ್ಲಿ. ಆವಾಗ ಹಾಕಿಕೊಂಡ ಗೇಮ್ ಇನ್ನೂ ನನ್ನ ಕನ್ಸೋಲ್‌ನಲ್ಲೇ ಇದೆ. ಜಾಗ ಸಾಲದೆ ಇದಕ್ಕಿಂತ ಎಷ್ಟೋ ದೊಡ್ಡ ಗೇಮ್‌ಗಳನ್ನು ಡಿಲೀಟ್ ಮಾಡಿದ್ದೇನೆ, ಇದನ್ನು ಮಾತ್ರ ಮುಟ್ಟಿಲ್ಲ. ಮೂಲ ಗೇಮ್ ಕ್ರೈಟೀರಿಯನ್ ಗೇಮ್ಸ್‌ನವರು 2008ರಲ್ಲಿ ಮಾಡಿದ್ದು. ಹಳೇದು ಅಂತ ಮೆನು ನೋಡಿದರೆ ಗೊತ್ತಾಗುತ್ತದೆ, ಕಟ್ಟಡಗಳ ಗೋಡೆ ನೋಡಿದರೂ ಗೊತ್ತಾಗುತ್ತದೆ. ಆದರೆ ಕಾರು ಹೊರಟ ಮೇಲೆ ಗೋಡೆ ನೋಡುವಷ್ಟು ಪುರುಸೊತ್ತು ಯಾರಿಗಿದೆ?

ಬೇರೆ ರೇಸಿಂಗ್ ಗೇಮ್‌ಗಳಲ್ಲಿ ಬ್ರೇಕ್ ಎಲ್ಲಿ ಹಾಕಬೇಕು ಅನ್ನುವುದೇ ದೊಡ್ಡ ಪಾಠ. ಇಲ್ಲಿ ಎಲ್ಲ ಉಲ್ಟಾ. ಎದುರು ಲೇನಿಗೆ ನುಗ್ಗಿದರೆ ಬೂಸ್ಟ್, ಅಂದರೆ ಬಟನ್ ಒತ್ತಿದಾಗ ಕಾರಿಗೆ ಹೆಚ್ಚುವರಿ ವೇಗ ಕೊಡುವ ಶಕ್ತಿ, ಸಿಗುತ್ತದೆ. ಎದುರಿಗೆ ಬರುವ ಗಾಡಿಯನ್ನು ಕೂದಲೆಳೆಯಲ್ಲಿ ತಪ್ಪಿಸಿದರೆ ಇನ್ನೂ ಸಿಗುತ್ತದೆ. ಸ್ಪೀಡ್ ಜಾತಿಯ ಕಾರು ತೆಗೆದುಕೊಂಡರಂತೂ ಬೂಸ್ಟ್ ಪೂರ್ತಿ ತುಂಬುವವರೆಗೆ ಬಳಸಲು ಬಿಡುವುದಿಲ್ಲ. ತುಂಬಿದ ಮೇಲೆ ಬಟನ್ ಬಿಡದೆ ಖಾಲಿ ಮಾಡಬೇಕು. ಅಷ್ಟರೊಳಗೆ ಸಾಕಷ್ಟು ಅಪಾಯ ಮೈಮೇಲೆ ಎಳೆದುಕೊಂಡಿದ್ದರೆ ಮತ್ತೆ ತುಂಬಿಬಿಡುತ್ತದೆ. ಹೀಗೆ ಒಂದಾದ ಮೇಲೊಂದು ಸಿಗುತ್ತಾ ಹೋದಾಗ ರಸ್ತೆಯ ಎರಡೂ ಬದಿ ಮಸುಕಾಗಿ, ಮುಂದಿನ ಎರಡು ಗಾಡಿಗಳ ನಡುವಿನ ಸಂದು ಬಿಟ್ಟು ಬೇರೇನೂ ಕಾಣುವುದಿಲ್ಲ. ಉಸಿರು ಬಿಗಿಹಿಡಿದಿದ್ದೇನೆ ಅಂತ ಗುದ್ದಿದ ಮೇಲೇ ತಿಳಿಯುವುದು.

ಗುದ್ದುವುದಂತೂ ಗ್ಯಾರಂಟಿ. ಆ ಕ್ಷಣಕ್ಕೆ ಎಲ್ಲ ನಿಧಾನವಾಗುತ್ತದೆ. ಬಾನೆಟ್ ಮುದುಡಿ ಮೇಲೇಳುತ್ತದೆ, ಗಾಜು ಚೂರಾಗಿ ಹಾರುತ್ತದೆ, ಒಂದು ಚಕ್ರ ಕಿತ್ತುಕೊಂಡು ತನ್ನ ಪಾಡಿಗೆ ಉರುಳುತ್ತಾ ಹೋಗುತ್ತದೆ. ಕಾರಿನೊಳಗೆ ಡ್ರೈವರ್ ಇಲ್ಲ, ಫುಟ್‌ಪಾತಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಅದಕ್ಕೇ ಇಷ್ಟು ಭೀಕರ ಅಪಘಾತ ನೋಡಿದರೂ ನಗು ಬರುತ್ತದೆ. ಕಾರುಗಳೂ ನಿಜವಾದ ಬ್ರ್ಯಾಂಡಿನವಲ್ಲ, ಎಲ್ಲ ಕಲ್ಪನೆಯವು. ಎಷ್ಟು ನಜ್ಜುಗುಜ್ಜು ಮಾಡಿದರೂ ಕೇಳುವವರಿಲ್ಲ. ಇಷ್ಟೆಲ್ಲ ಆಗಿ ಕೆಲವೇ ಸೆಕೆಂಡಿನಲ್ಲಿ ಮತ್ತೆ ರಸ್ತೆಗೆ ಬಂದಿರುತ್ತೀರಿ. ನನ್ನ ಪ್ರಕಾರ ಈ ಗೇಮಿನ ಗುಟ್ಟೇ ಇದು. ಸೋಲು ನೋಡಲು ಚೆನ್ನಾಗಿದೆ, ಜಾಸ್ತಿ ಹೊತ್ತು ಕಾಯಿಸುವುದೂ ಇಲ್ಲ.

ನಾನು ಹೆಚ್ಚು ಆಡುವುದು ರೋಡ್ ರೇಜ್. ಸಮಯ ಮುಗಿಯುವುದರೊಳಗೆ ಇಂತಿಷ್ಟು ಎದುರಾಳಿಗಳನ್ನು ಗೋಡೆಗೋ ಲಾರಿಗೋ ಗುದ್ದಿಸಿ ಕೆಡವಬೇಕು. ಹಿಂದಿನಿಂದ ತಳ್ಳಿದರೆ ಅಷ್ಟಾಗಿ ಕೆಲಸ ಆಗುವುದಿಲ್ಲ. ಪಕ್ಕಕ್ಕೆ ಬಂದು, ತಿರುವಿನಲ್ಲಿ ಅವನನ್ನು ಹೊರಗಿನ ಬದಿಗೆ ಒತ್ತಿ ಹಿಡಿಯಬೇಕು. ಕಿಡಿ ಹಾರುತ್ತಾ ಹೋಗಿ ಸೇತುವೆಯ ಕಂಬ ಬಂದಾಗ ಢಮಾರ್! ಒಂದೇ ಕಿರಿಕಿರಿ ಏನೆಂದರೆ, ಪ್ರತಿ ಟೇಕ್‌ಡೌನಿಗೂ, ಅಂದರೆ ಎದುರಾಳಿಯನ್ನು ಹೀಗೆ ಕೆಡವಿದಾಗಲೆಲ್ಲ, ಕ್ಯಾಮೆರಾ ಅವನ ಕಡೆ ತಿರುಗುತ್ತದೆ. ವಾಪಸ್ ನಮ್ಮ ಕಾರಿಗೆ ಬರುವಾಗ ಮುಂದೆಯೇ ತಿರುವು ಇದ್ದರೆ ಕತೆ ಮುಗಿಯಿತು.

ರೇಸ್‌ಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಊರೆಲ್ಲ ತೆರೆದೇ ಇರುವುದರಿಂದ ದಾರಿ ನಾವೇ ಹುಡುಕಿಕೊಳ್ಳಬೇಕು. ಅಷ್ಟು ವೇಗದಲ್ಲಿ ಹೋಗುತ್ತಾ ಮೂಲೆಯ ಮ್ಯಾಪ್ ನೋಡುವುದು ಹೇಗೆ, ಹೇಳಿ? ರೇಸ್ ಮುಗಿಯುವ ಜಾಗಗಳು ಒಟ್ಟು ಎಂಟೇ. ಪಶ್ಚಿಮದ ಬೆಟ್ಟದಲ್ಲಿರುವ ವಿಂಡ್ ಫಾರ್ಮ್ ತನಕ ಹೋದರೆ ಮತ್ತೆ ಪೇಟೆಗೆ ನಾವೇ ಓಡಿಸಿಕೊಂಡು ಬರಬೇಕು. ಸೋತ ರೇಸನ್ನು ಅಲ್ಲಿಂದಲೇ ಮತ್ತೆ ಶುರು ಮಾಡುವ ಸೌಲಭ್ಯ 2008ರಲ್ಲಿ ಇರಲಿಲ್ಲ, ಆಮೇಲೆ ಅಪ್‌ಡೇಟಿನಲ್ಲಿ ಬಂತು. ಈಗಿನವರು ಪುಣ್ಯವಂತರು.

ನನ್ನ ನಿಜವಾದ ತಕರಾರು ಶೋಟೈಮ್ ಬಗ್ಗೆ. ಇದೇ ಸರಣಿಯ 2004ರ ಬರ್ನ್‌ಔಟ್ 3 ಆಡಿದವರಿಗೆ ಕ್ರ್ಯಾಶ್ ಮೋಡ್ ನೆನಪಿರಬೇಕು. ಒಂದು ಜಂಕ್ಷನ್ ಕೊಡುತ್ತಿದ್ದರು. ಯಾವ ಕಡೆಯಿಂದ ನುಗ್ಗಬೇಕು, ಯಾವ ಗಾಡಿಗೆ ಮೊದಲು ಗುದ್ದಬೇಕು ಅಂತ ಲೆಕ್ಕ ಹಾಕಿ ಹೋಗಬೇಕಿತ್ತು. ಬಸ್ಸು ಅಡ್ಡ ಬಿದ್ದು ಎರಡೂ ಕಡೆಯ ಟ್ರಾಫಿಕ್ ಒಂದರ ಮೇಲೊಂದು ಬಂದು ಗುದ್ದುವುದನ್ನು ನೋಡುತ್ತಿದ್ದರೆ ಬಿಡಿಸಲಾರದ ಲೆಕ್ಕ ಬಿಡಿಸಿದಷ್ಟು ಖುಷಿ. ಪ್ಯಾರಡೈಸ್‌ನಲ್ಲಿ ಅದರ ಜಾಗಕ್ಕೆ ಬಂದದ್ದು ಶೋಟೈಮ್. ಎರಡು ಬಟನ್ ಒಟ್ಟಿಗೆ ಒತ್ತಿದರೆ ಎಲ್ಲೇ ಇದ್ದರೂ ನಮ್ಮ ಕಾರು ಚೆಂಡಿನ ಹಾಗೆ ಪುಟಿಯುತ್ತಾ ಕಂಡಕಂಡ ಗಾಡಿಗೆ ಬಡಿಯುತ್ತಾ ಹೋಗುತ್ತದೆ. ಬಸ್ಸಿಗೆ ತಾಗಿದರೆ ಸ್ಕೋರು ಗುಣಿಸುತ್ತದೆ. ಸ್ವಲ್ಪ ಹೊತ್ತು ಮಜಾ ಇರುತ್ತದೆ, ಸುಳ್ಳಲ್ಲ. ಆದರೆ ಲೆಕ್ಕಾಚಾರವೇ ಹೋಯಿತಲ್ವಾ?

ಪಕ್ಕದಲ್ಲಿ ಕೂತವರ ಜೊತೆ ಸ್ಕ್ರೀನ್ ಹಂಚಿಕೊಂಡು ಆಡಲು ಆಗುವುದಿಲ್ಲ. ಕಂಟ್ರೋಲರ್ ಕೈಯಿಂದ ಕೈಗೆ ದಾಟಿಸುವ ಪಾರ್ಟಿ ಮೋಡ್ ಒಂದಿದೆ, ಅಷ್ಟೇ. ಇಬ್ಬರು ಒಟ್ಟಿಗೆ ಕೂತು ಗುದ್ದಾಡುವ ಆಸೆ ಇದ್ದರೆ, ಹಳೇ ಕನ್ಸೋಲ್ ಕೆಲಸ ಮಾಡುತ್ತಿದ್ದರೆ, ಬರ್ನ್‌ಔಟ್ 3 ಹುಡುಕಿಕೊಳ್ಳಿ. ಒಬ್ಬರೇ ಆಡುವವರು ರಿಯಾಯಿತಿ ಬಂದಾಗ ಇದನ್ನು ಸುಮ್ನೆ ತೆಗೆದುಕೊಳ್ಳಿ, ಮೂಲ ಗೇಮಿಗೆ ಆಮೇಲೆ ಸೇರಿಸಿದ ಬಿಗ್ ಸರ್ಫ್ ಐಲ್ಯಾಂಡ್ ಅನ್ನುವ ದ್ವೀಪ ಕೂಡ ಇದರ ಜೊತೆಗೇ ಬರುತ್ತದೆ.