‘ಪೂರ್ತಿ ಕೈಯಲ್ಲೇ ಬರೆದದ್ದು’ ಅಂದರೆ ನಂಬಬೇಡಿ: ಹಳೇ ಹಕ್ಕಿ ಚಿತ್ರಗಳ ನಕಲು ಕೊಳ್ಳುವವರಿಗೆ

460 ಪೌಂಡ್. ಎರಡು ಹಕ್ಕಿ ಚಿತ್ರಕ್ಕೆ. ಬಂದಿರುವುದು ಇಂಕ್‌ಜೆಟ್ ಪ್ರಿಂಟು, ಮೇಲೆ ನಾಲ್ಕು ಕಡೆ ಕುಂಚ ಆಡಿಸಿದ್ದಾರೆ, ಅಷ್ಟೇ. ಹಳೇ ಸಮುದ್ರಯಾನಗಳ ಹಕ್ಕಿ ಚಿತ್ರಗಳನ್ನು ಜಲವರ್ಣದಲ್ಲಿ ‘ಪೂರ್ತಿ ಕೈಯಲ್ಲೇ’ ನಕಲು ಮಾಡಿಕೊಡುತ್ತೇವೆ ಅನ್ನುವ ಇಂಗ್ಲೆಂಡಿನ ಮಾರಾಟಗಾರರೊಬ್ಬರು ಹಾಕಿದ ಮಕ್ಮಲ್ ಟೋಪಿ ಇದು. ಹೆಸರು ಬರೆಯಲ್ಲ, ಮಾಡಿದ್ದನ್ನು ಮಾತ್ರ ಬರೆಯುತ್ತೇನೆ.

ಕೇಳಿದ್ದು ಎರಡು. ಒಂದು, ಕ್ಯಾಪ್ಟನ್ ಕುಕ್‌ನ ಎರಡನೇ ಸಮುದ್ರಯಾನದಲ್ಲಿ ಚಿತ್ರ ಬರೆಯುತ್ತಿದ್ದ ಜಾರ್ಜ್ ಫಾರ್ಸ್ಟರ್ 1774ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದ ರಾಯಾಟೇಯಾ ದ್ವೀಪದಲ್ಲಿ ಬರೆದ ಥ್ರಷ್ ಅನ್ನುವ ಹಕ್ಕಿ. ಇನ್ನೊಂದು, ಡಾರ್ವಿನ್ ಹೋಗಿದ್ದ ಬೀಗಲ್ ಹಡಗಿನ ಯಾನದ ಹಕ್ಕಿ ಸಂಪುಟದಲ್ಲಿರುವ ಗಾಲಾಪಗೋಸ್‌ನ ಕೆಂಪು ನೊಣಹಿಡುಕ. ಮಾಮೂಲಿನಂತೆ ಅರ್ಧ ಮುಂಗಡ, ಪೆನ್ಸಿಲ್ ಗೆರೆ ಆದಾಗ ಒಂದು ಫೋಟೊ, ಮೊದಲ ವಾಶ್, ಅಂದರೆ ತೆಳು ಬಣ್ಣದ ಪದರ, ಆದಾಗ ಇನ್ನೊಂದು, ಆಮೇಲೆ ಬಾಕಿ. ಫೋಟೊ ಎಲ್ಲಾ ಬಂತು. ಚೆನ್ನಾಗೇ ಇತ್ತು. ಬಾಕಿಯನ್ನು ‘ಗೆಳೆಯರಿಗೆ ಕಳಿಸುವ ಲೆಕ್ಕದಲ್ಲಿ ಹಾಕಿ, ಕಮಿಷನ್ ಉಳಿಯುತ್ತೆ’ ಅಂದರು, ಹಾಕಿದೆ. ಆ ಲೆಕ್ಕದಲ್ಲಿ ಹಾಕಿದ ದುಡ್ಡಿಗೆ ಖರೀದಿಯ ರಕ್ಷಣೆ ಇರಲ್ಲ ಅಂತ ಗೊತ್ತಿದ್ದೂ ಹಾಕಿದೆ. ನಾಚಿಕೆ ಆಗುತ್ತೆ.

ಪೊಟ್ಟಣ ಬಿಚ್ಚಿ, 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪನ್ನು ನೊಣಹಿಡುಕದ ಎದೆಯ ಮೇಲಿಟ್ಟೆ. ಕೆಂಪು ಇಲ್ಲ. ಕೆಂಪೇ ಇಲ್ಲ! ಸಣ್ಣ ರವೆ ಚೆಲ್ಲಿದ ಹಾಗೆ ಮಜೆಂಟಾ ಚುಕ್ಕಿ, ಹಳದಿ ಚುಕ್ಕಿ, ನಡುನಡುವೆ ಕಪ್ಪು. ಕುಂಚದ ಬಣ್ಣ ಹೀಗೆ ಕಾಣಲ್ಲ. ಜಲವರ್ಣದ ಕಣ ಕಾಗದದ ಗುಳಿಗಳಲ್ಲಿ ಇಳಿದು ಕೂತಿರುತ್ತೆ, ವಾಶ್ ಒಣಗಿದ ಅಂಚಿಗೆ ತುಸು ಗಾಢವಾದ ಗೆರೆ ಕಟ್ಟಿರುತ್ತೆ, ಎರಡು ಎಳೆ ಒಂದರ ಮೇಲೊಂದು ಬಿದ್ದ ಕಡೆ ಬಣ್ಣ ದಪ್ಪ ಆಗಿರುತ್ತೆ. ಇಲ್ಲಿ ಅಂಥದ್ದು ಕಂಡಿದ್ದು ಕಣ್ಣು, ಕೊಕ್ಕು, ರೆಕ್ಕೆಯ ನಾಲ್ಕು ಗರಿ, ಕೊಂಬೆಯ ತುದಿ ಇಷ್ಟರಲ್ಲೇ. ಅದೂ ಪ್ರಿಂಟಿನ ಕಾಗದದ ಲೇಪದ ಮೇಲೆ ಹರಡದೆ ಗೆರೆಗಟ್ಟಿ ನಿಂತಿದೆ. ಫೋಟೊದಲ್ಲಿದ್ದ ಪೆನ್ಸಿಲ್ ಗೆರೆ ಎಲ್ಲೂ ಇಲ್ಲ. ಅಂದರೆ ಆ ಫೋಟೊಗಳು ಬೇರೆ ಯಾವುದೋ ಪ್ರತಿಯದು.

ಕೇಳಿದೆ. ಬಂದ ಉತ್ತರ: ‘ಬೀಗಲ್ ಪುಸ್ತಕದ ಮೂಲವೂ ಪ್ರಿಂಟೇ ಅಲ್ಲವೇ? ಪ್ರಿಂಟಿನ ಮೇಲೆ ಕೈಯಿಂದ ಬಣ್ಣ. ನಾವೂ ಅದೇ ಮಾಡಿದ್ದೇವೆ.’

ಅರ್ಧ ಸತ್ಯ ಹೇಳಿ ಬಾಯಿ ಮುಚ್ಚಿಸುವುದು ಅಂದರೆ ಇದು. ಹೌದು, 1838ರಿಂದ 1841ರವರೆಗೆ ಬಂದ ಆ 50 ಫಲಕಗಳು ಲಿಥೋಗ್ರಾಫ್, ಅಂದರೆ ಕಲ್ಲಚ್ಚು. ಆದರೆ ಕಲ್ಲಿನಿಂದ ಕಾಗದಕ್ಕೆ ಇಳಿದದ್ದು ಕಪ್ಪು ಗೆರೆ ಮಾತ್ರ. ಬಣ್ಣ ಅಷ್ಟೂ, ಒಂದೊಂದು ಪ್ರತಿಗೂ, ಬಣ್ಣಗಾರರು ಮಾದರಿ ಪ್ರತಿಯನ್ನು ಎದುರಿಗಿಟ್ಟುಕೊಂಡು ಕುಂಚದಲ್ಲಿ ಹಾಕಿದ್ದು. ಕಪ್ಪು ಗೆರೆಯಷ್ಟೇ ಪ್ರಿಂಟು ಮಾಡಿ ಉಳಿದದ್ದು ಕೈಯಲ್ಲಿ ಹಾಕಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಇವರ ಕಪ್ಪು ಗೆರೆಯಲ್ಲೂ ಬಣ್ಣದ ಚುಕ್ಕಿಗಳಿವೆ! ಇನ್ನೊಂದು ತಮಾಷೆ ನೋಡಿ, ಹಳೇದು ಅಂತ ಕಾಣಲಿ ಎಂದು ಚಿತ್ರದ ಸುತ್ತ ಚೌಕಾಕಾರದ ತಗ್ಗು ಒತ್ತಿದ್ದಾರೆ. ಆ ಒತ್ತು ಬೀಳುವುದು ತಾಮ್ರದ ತಗಡಿನಿಂದ ಅಚ್ಚು ತೆಗೆದಾಗ. ಲಿಥೋಗ್ರಾಫಿಗೆ ಅದು ಇರುವುದೇ ಇಲ್ಲ. ಮೂಲ ಏನು ಅಂತಲೇ ಗೊತ್ತಿಲ್ಲದವರು ನನಗೆ ಮೂಲದ ಪಾಠ ಹೇಳಿದರು.

ಸರಿ, ಫಾರ್ಸ್ಟರ್‌ನ ಥ್ರಷ್ ಕಥೆ ಏನು? ಅದು ಅಚ್ಚಿನ ಫಲಕವೇ ಅಲ್ಲ, ಒಂದೇ ಒಂದು ಜಲವರ್ಣ, ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ಇದನ್ನು ಕೇಳಿದ್ದಕ್ಕೆ ಮೂರು ದಿನ ಉತ್ತರ ಇಲ್ಲ. ಆಮೇಲೆ: ‘ಕೈಯಿಂದ ಮೆರುಗು ಕೊಟ್ಟದ್ದನ್ನೂ ಈ ವ್ಯಾಪಾರದಲ್ಲಿ ಕೈಯಲ್ಲಿ ಬರೆದದ್ದು ಅಂತಲೇ ಕರೆಯುತ್ತಾರೆ.’ ಯಾರು ಕರೆಯುತ್ತಾರೆ ಸ್ವಾಮಿ?

ಥ್ರಷ್ ವಿಷಯದಲ್ಲೇ ಹೊಟ್ಟೆ ಉರಿಯುವುದು. ಆ ಹಕ್ಕಿ ಅಳಿದುಹೋಗಿದೆ, ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಸಂಗ್ರಹದಲ್ಲಿದ್ದ ಸತ್ತ ಹಕ್ಕಿಯ ಮಾದರಿಯೂ ಕಳೆದುಹೋಗಿದೆ. ಉಳಿದಿರುವುದು ಫಾರ್ಸ್ಟರ್‌ನ ಚಿತ್ರ, ಜೊತೆಗೆ ಒಂದಿಷ್ಟು ವರ್ಣನೆ. ಹಕ್ಕಿಶಾಸ್ತ್ರಜ್ಞ ಲ್ಯಾಥಮ್ 1783ರಲ್ಲಿ ಇದನ್ನು ಬೇ ಥ್ರಷ್ ಅಂತ ಕರೆದ. ಬೇ ಅಂದರೆ ಕುದುರೆಗೆ ಹೇಳುವ ಆ ಕೆಂಗಂದು. ಬಣ್ಣ ಹೆಸರಲ್ಲೇ ಇದೆ. ನನಗೆ ಬಂದದ್ದರ ಮೈ ಪಾಚಿ ಕಟ್ಟಿದ ಹಾಗೆ ಹಸಿರು ಹೊಡೆಯುತ್ತೆ. ಸ್ಕ್ಯಾನಿನ ಬಣ್ಣ ಸರಿಮಾಡದೆ ಹಾಗೇ ಪ್ರಿಂಟು ಕೊಟ್ಟಿದ್ದಾರೆ. ನಿಜವಾಗಿ ಕೂತು ಬರೆದವರು ಬಣ್ಣ ಕಲೆಸುವಾಗಲೇ ಇದನ್ನು ಹಿಡಿಯುತ್ತಿದ್ದರು.

ಕೊಳ್ಳುವ ಮೊದಲು ಎದೆಯ ಗರಿಗಳನ್ನು ತೀರಾ ಹತ್ತಿರದಿಂದ ತೆಗೆದ ಫೋಟೊ ಕೇಳಿ, ಪಕ್ಕದಲ್ಲಿ ಆ ದಿನದ ತಾರೀಕು ಬರೆದ ಚೀಟಿ ಇಡಿಸಿ. ಕೊಡಲ್ಲ ಅಂದರೆ ಬಿಟ್ಟುಬಿಡಿ. ಕಾಗದ ಯಾವುದು ಕೇಳಿ: 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ನೂರಕ್ಕೆ ನೂರು ಹತ್ತಿಯದು, ಬಿಸಿ ಒತ್ತಿ ನಯ ಮಾಡಿದ ಹಾಟ್ ಪ್ರೆಸ್ ಆದರೆ ಒಳ್ಳೇದು. ಬಂದಮೇಲೆ ಕತ್ತಲಲ್ಲಿ ಯುವಿ ಟಾರ್ಚ್ ಬಿಡಿ. ನನ್ನದು ತೊಳೆದ ಬನಿಯನ್ ಥರ ನೀಲಿ ಹೊಳೆಯಿತು, ಬಿಳುಪಿನ ರಾಸಾಯನಿಕ ಬೆರೆಸಿದ ಕಾಗದ. ಒದ್ದೆ ಹತ್ತಿಕಡ್ಡಿಯನ್ನು ಒಂದು ಮೂಲೆಯಲ್ಲಿ ಒತ್ತಿ ಎತ್ತಿ, ಜಲವರ್ಣವಾದರೆ ಸ್ವಲ್ಪ ಬಣ್ಣ ಬರುತ್ತೆ. ಬಣ್ಣ ಬಂತು ಅಂದಮಾತ್ರಕ್ಕೆ ನಂಬಬೇಡಿ, ಕೆಲವು ಇಂಕೂ ಬಿಡುತ್ತವೆ. ಲೂಪ್ ಬೇಕೇ ಬೇಕು. ಗೆಳೆಯರ ಲೆಕ್ಕದಲ್ಲಿ ದುಡ್ಡು ಮಾತ್ರ ಹಾಕಬೇಡಿ.

ಕೊನೆಗೆ 40 ಪೌಂಡ್ ವಾಪಸ್ ಕೊಡುತ್ತೇನೆ ಅಂದರು, ಜೊತೆಗೊಂದು ಸಾಲು: ‘ಗೋಡೆಗೆ ಹಾಕಿದರೆ ಯಾರಿಗೂ ಗೊತ್ತಾಗಲ್ಲ.’ ಅವರ ಜಾಹೀರಾತಿನಲ್ಲಿ ಇವತ್ತಿಗೂ ಅದೇ ಥ್ರಷ್, ಅದೇ ಪೆನ್ಸಿಲ್ ಗೆರೆಯ ಫೋಟೊ. ಬೆಲೆ 20 ಪೌಂಡ್ ಏರಿದೆ.